ಕಲಗಚ್ಚು ಹೊಯ್ದ ಮನೆಗಳ ಪಾಲು

ಕೇಳಿ ಮಕ್ಕಳೇ. ಬೆಟ್ಟಗಳನ್ನೇ ಕೋಟೆ ಮಾಡಿಕೊಂಡ ಒಂದು ರಾಜ್ಯ. ಆ ರಾಜ್ಯದ ಮೂಲೆಯಲ್ಲಿ ಒಂದು ತೊರೆ. ತೊರೆಯ ಪಕ್ಕ ಒಂದು ಪುಟ್ಟ ಊರು. ಎಷ್ಟು ಪುಟ್ಟದೆಂದರೆ, ಒಂದು ಮನೆಯಲ್ಲಿ ಸೀನಿದರೆ ಎಲ್ಲ ಮನೆಗೂ ಕೇಳುತ್ತಿತ್ತು. ಅಲ್ಲಿ ಪೂವಯ್ಯ ಅಂತ ಒಬ್ಬನಿದ್ದ. ಅವನ ಹೆಂಡತಿ ಚೋಂದವ್ವ. ಅವರ ಹಿತ್ತಲಲ್ಲಿ ಒಂದು ಹಂದಿ. ಹೊಟ್ಟೆ ನೆಲಕ್ಕೆ ತಾಗುತ್ತಿದ್ದುದರಿಂದ ಅದರ ಹೆಸರು ಡೊಳ್ಳ.

ಕಥೆ ಮುಂದೆ ಹೋಗುವ ಮೊದಲು ಆ ಊರಿನ ಮೂರು ಕಟ್ಟಳೆಗಳನ್ನು ಹೇಳಿಬಿಡಬೇಕು. ಹೇಳದಿದ್ದರೆ ಪೂವಯ್ಯ ಮಾಡಿದ ತಪ್ಪು ತಪ್ಪೆಂದೇ ತಿಳಿಯುವುದಿಲ್ಲ.

ಹಂದಿ ಯಾರ ಹಿತ್ತಲಲ್ಲೇ ಇರಲಿ, ಎಲ್ಲ ಮನೆಯವರೂ ಅದರ ಬಾನಿಗೆ ಕಲಗಚ್ಚು ಹೊಯ್ಯಬೇಕು. ಕಲಗಚ್ಚು ಎಂದರೆ ಅಕ್ಕಿ ತೊಳೆದ ನೀರು, ಮಿಕ್ಕ ಗಂಜಿ, ತರಕಾರಿ ಸಿಪ್ಪೆ. ಹಂದಿಯನ್ನು ಕೊಯ್ದ ದಿನ, ಕಲಗಚ್ಚು ಹೊಯ್ದ ಪ್ರತಿ ಮನೆಗೂ ಮಾಂಸದ ಪಾಲು ಹೋಗಬೇಕು. ಆಮೇಲೆಯೇ ಸಾಕಿದವರ ಒಲೆಯ ಮೇಲೆ ಗಡಿಗೆ. ಇದು ಒಂದು.

ಸಾಕಿದವನು ಕತ್ತಿ ಹಿಡಿಯಬಾರದು. ಬೇರೆ ಮನೆಯವನು ಹಿಡಿಯಬೇಕು. ಯಾಕೆಂದರೆ ಉಣಿಸಿದ ಕೈಯನ್ನು ಹಂದಿ ನಂಬಿರುತ್ತದೆ. ಇದು ಎರಡು.

ರೋಗ ಬಂದು ಹಂದಿ ಸತ್ತರೆ ಅದನ್ನು ಹೂಳಬೇಕು, ತಿನ್ನಬಾರದು. ಆ ದಿನ ಆ ಮನೆಯಲ್ಲಿ ಒಲೆ ಹೊತ್ತಿಸಬಾರದು. ನೆರೆಯವರೇ ಅನ್ನ ತಂದು, ಜೊತೆಗೆ ಕೂತು ಉಣ್ಣಬೇಕು. ಇದು ಮೂರು. ಈ ಮೂರನೆಯದನ್ನು ಪೂವಯ್ಯ ಮರೆತಿದ್ದ. ನೀವು ಮರೆಯಬೇಡಿ.

ಒಂದು ದಿನ ಡಂಗುರದವನು ಬಂದು ಸಾರಿದ: "ಬೇಟೆ ಮುಗಿಸಿ ದೊರೆಗಳು ಈ ದಾರಿಯಲ್ಲೇ ಬರುತ್ತಾರೆ! ಯಾರ ಮನೆಯ ಊಟ ಮೆಚ್ಚುತ್ತಾರೋ ಅವರಿಗೆ ಪಟೇಲಿಕೆಯ ರುಮಾಲು!"

ಪೂವಯ್ಯ ತಲೆ ಸವರಿಕೊಂಡ. ರುಮಾಲು ಅಲ್ಲಿ ಆಗಲೇ ಕೂತ ಹಾಗಾಯಿತು.

"ದೊರೆಯ ಜೊತೆ ಎಷ್ಟು ಜನ ಬರ್ತಾರೋ. ಊರಿಗೆಲ್ಲ ಪಾಲು ಹಂಚಿದರೆ ನಮಗುಳಿಯೋದು ತಲೆ, ಕಾಲು. ಅದನ್ನ ಬಡಿಸಿದರೆ ಪಟೇಲಿಕೆ ಕೊಡ್ತಾರಾ?" ಎಂದ ಹೆಂಡತಿಗೆ.

"ಹಂಚದೆ ಇರೋಕಾಗುತ್ತಾ? ಡೊಳ್ಳನ ಮೈಯಲ್ಲಿ ನಮ್ಮ ಗಂಜಿ ಎಷ್ಟು, ಊರವರದೆಷ್ಟು?" ಎಂದಳು ಚೋಂದವ್ವ.

"ಬಾಯಿ ಮುಚ್ಕೊಂಡಿರು. ಎಲ್ಲ ನನಗೆ ಬಿಡು."

ಮರುದಿನ ಪಕ್ಕದ ಮನೆಯ ಬೆಳ್ಯಪ್ಪ ಬೇಲಿಯಾಚೆಯಿಂದ ಕೂಗಿದ. ಊರಿನಲ್ಲಿ ಕತ್ತಿ ಹಿಡಿಯುವವನು ಅವನೇ. "ಪೂವಣ್ಣಾ, ಕತ್ತಿ ಮಸೀಲಾ? ಡೊಳ್ಳ ನಡೆಯೋದಿಲ್ಲ, ಉರುಳ್ತಾನೆ!"

"ಎಲ್ಲಿ ಬೆಳ್ಯಪ್ಪಾ, ಇನ್ನೂ ಮೈ ತುಂಬಿಲ್ಲ" ಎಂದ ಪೂವಯ್ಯ. ಇದು ಮೊದಲನೆಯ ಸುಳ್ಳು.

ಊರು ನಂಬಿತು. ಅಯ್ಯೋ, ನಮ್ಮ ಕಲಗಚ್ಚು ಸಾಲದಾಯಿತೇನೋ ಎಂದು ಎಲ್ಲರೂ ಇನ್ನೊಂದು ಚಿಪ್ಪು ಗಂಜಿ ಹೆಚ್ಚಿಗೆ ತಂದರು. ಊರ ಕೊನೆಯ ಮನೆಯ ಮಾಚಜ್ಜಿ ಒಂಟಿ ಮುದುಕಿ. ತನ್ನ ಬಟ್ಟಲಿನ ಗಂಜಿಯಲ್ಲೇ ಅರ್ಧ ಉಳಿಸಿ ತಂದು ಹೊಯ್ದಳು. ಪೂವಯ್ಯ ಅದನ್ನು ನೋಡಿದ. ನೋಡಿ ಮುಖ ತಿರುಗಿಸಿದ.

ದೊರೆ ಹತ್ತಿರದ ಕಾಡಿಗೆ ಬಂದ ಸುದ್ದಿ ಬಂತು. ಪೂವಯ್ಯ ಹೇಳಿದ, "ಡೊಳ್ಳನಿಗೆ ಜ್ವರ. ಯಾರೂ ಹಿತ್ತಲಿಗೆ ಬರಬೇಡಿ." ಇದು ಎರಡನೆಯ ಸುಳ್ಳು.

ಊರು ಇದನ್ನೂ ನಂಬಿತು. ಬೆಳ್ಯಪ್ಪ ಕಾಳುಮೆಣಸಿನ ಕಷಾಯ ಕಾಯಿಸಿ ತಂದು ಬಾಗಿಲಲ್ಲಿಟ್ಟ. ಮಾಚಜ್ಜಿ ತನ್ನ ಹಳೆಯ ಕಂಬಳಿ ತಂದಳು. "ಹೊದೆಸು ಮಗಾ. ನನಗೆ ಚಳಿ ಅಭ್ಯಾಸ, ಅದಕ್ಕೆ ಹೊಸದು" ಎಂದಳು. ಪೂವಯ್ಯ ಕಂಬಳಿ ಈಸಿಕೊಂಡ. ಮುಖ ಕೆಂಡದ ಹಾಗೆ ಬಿಸಿಯಾಯಿತು. ಆದರೂ ಮನಸ್ಸು ಬದಲಾಯಿಸಲಿಲ್ಲ. ಮನುಷ್ಯನಿಗೆ ನಾಚಿಕೆ ಮೊದಲು ಮುಖಕ್ಕೆ ಬರುತ್ತದೆ ಮಕ್ಕಳೇ, ಕೈಗೆ ಬರುವುದು ತಡ.

ದೊರೆ ಬರುವ ದಿನ ಬೆಳಗಾಗುತ್ತಲೇ ಪೂವಯ್ಯ ಒಂದು ಗಡಿಗೆ ಗಂಜಿ ಹಿಡಿದು ತೊರೆಯ ಕಡೆ ಹೊರಟ. ಊರಲ್ಲೇ ಕೊಯ್ದರೆ ಹಂದಿಯ ಕೂಗು ಕೇಳುತ್ತದೆ. ತೊರೆ ಧುಮುಕುವ ಕಡೆ ಯಾವ ಕೂಗೂ ಕೇಳುವುದಿಲ್ಲ. ಅದಕ್ಕೇ ಅಲ್ಲಿಗೆ.

"ಬಾ ಡೊಳ್ಳಾ, ಬಾ" ಎಂದ. ಡೊಳ್ಳ ಬಂತು. ಹಗ್ಗ ಬೇಕಾಗಲಿಲ್ಲ.

ಬೆಳ್ಯಪ್ಪ ಕತ್ತಿ ಹಿಡಿದು ಬಂದಾಗ ಹಂದಿಗಳು ಓಡುತ್ತವೆ, ಒದೆಯುತ್ತವೆ. ಡೊಳ್ಳ ಓಡಲಿಲ್ಲ. ಗಂಜಿ ಕುಡಿಯಿತು. ಮುಗಿದ ಮೇಲೆ ಇನ್ನೂ ಇದೆಯೇನೋ ಎಂದು ಪೂವಯ್ಯನ ಅಂಗೈಗೆ ಮೂತಿ ಒತ್ತಿತು. ಅವನ ಇನ್ನೊಂದು ಕೈಯಲ್ಲಿ ಕತ್ತಿ ಇತ್ತು. ಡೊಳ್ಳ ಒಂದೇ ಸಲ ಕೂಗಿತು. ತೊರೆಯ ಸದ್ದು ಅದನ್ನು ನುಂಗಿತು.

ಒಣಹುಲ್ಲಿನ ಬೆಂಕಿ ಮಾಡಿ ರೋಮ ಸುಟ್ಟ. ಹೆರೆದ, ತೊಳೆದ, ಕೊಯ್ದ. ಬುಟ್ಟಿಗಳಲ್ಲಿ ತುಂಬಿ, ಮೇಲೆ ಸೊಪ್ಪು ಮುಚ್ಚಿ, ಸೊಪ್ಪು ತಂದವನ ಹಾಗೆ ಮನೆಗೆ ಹೊತ್ತ. ಚೋಂದವ್ವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

ಅಷ್ಟರಲ್ಲಿ ಮಾಚಜ್ಜಿ ಕಲಗಚ್ಚಿನ ಗಡಿಗೆ ಹಿಡಿದು ಬಂದಳು. ಹಂದಿಯ ಗೂಡು ಖಾಲಿ.

"ಡೊಳ್ಳ ಎಲ್ಲಿ ಮಗಾ?"

"ಸತ್ತುಹೋಯ್ತು ಅಜ್ಜಿ. ತೊರೆಯ ಹತ್ತಿರ ಹೂಳಿ ಬಂದೆ." ಇದು ಮೂರನೆಯ ಸುಳ್ಳು.

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮೂಗು ಒಂದು ಸಲ ಅರಳಿಸಿದಳು. ಅಂಗಳಕ್ಕೆ ಹೋಗಿ ಗಟ್ಟಿಯಾಗಿ ಕೂಗಿದಳು: "ಬನ್ರಪ್ಪಾ, ಬನ್ರವ್ವಾ! ಪೂವಯ್ಯನ ಮನೆ ಹಂದಿ ಸತ್ತಿದೆ! ಅವರ ಮನೆಯಲ್ಲಿ ಇವತ್ತು ಒಲೆ ಇಲ್ಲ!"

ಪೂವಯ್ಯನಿಗೆ ಮೂರನೆಯ ಕಟ್ಟಳೆ ನೆನಪಾದದ್ದು ಆಗಲೇ.

ಊರೆಲ್ಲ ಬಂತು. ಒಬ್ಬರು ಅಕ್ಕಿ ಕಡುಬು, ಒಬ್ಬರು ಎಳೆಬಿದಿರಿನ ಕಣಿಲೆ ಪಲ್ಯ, ಒಬ್ಬರು ಹುರುಳಿ ಸಾರು. ದುಃಖದ ಮನೆಯೆಂದು ಜಗಲಿಯ ತುಂಬ ಕೂತರು. ಒಳಗೆ ಬುಟ್ಟಿಗಳಲ್ಲಿ ಮಾಂಸ ಹಸಿಯಾಗೇ ಇತ್ತು.

"ಒಂಚೂರು ಬಿಸಿನೀರು ಕಾಯಿಸ್ತೀನಿ" ಎಂದು ಪೂವಯ್ಯ ಎದ್ದ.

"ಕೂರು ಮಗಾ, ನಮ್ಮನೆಯಿಂದ ತರ್ತೀನಿ" ಎಂದಳು ಮಾಚಜ್ಜಿ.

"ದೀಪಕ್ಕೆ ಬೆಂಕಿ..."

"ನಾನು ಹೊತ್ತಿಸಿ ತರ್ತೀನಿ ಪೂವಣ್ಣಾ" ಎಂದ ಬೆಳ್ಯಪ್ಪ.

"ಒಳಗೆ ಹೊಗೆ ಹಾಕಬೇಕು, ಸೊಳ್ಳೆ..."

"ನಿನ್ನ ಸೊಳ್ಳೆ ನಾವು ಬಡೀತೀವಿ. ಕೂರು" ಎಂದಳು ಅಜ್ಜಿ.

ಸಂಜೆ ಇನ್ನೇನು ಎಲ್ಲರೂ ಉಣ್ಣಲು ಕೂರಬೇಕು, ದೊರೆ ಬಂದ. ಹಸಿದಿದ್ದ. "ಯಾರದು ಈ ಮನೆ? ಊರೆಲ್ಲ ಇಲ್ಲೇ ಇದೆಯಲ್ಲ!"

"ಪೂವಯ್ಯನ ಮನೆ ಬುದ್ಧೀ. ಊಟ ಸಿದ್ಧ ಇದೆ" ಎಂದಳು ಮಾಚಜ್ಜಿ. ಎಲ್ಲರೂ ತಮ್ಮ ತಮ್ಮ ಗಡಿಗೆ ಬಿಚ್ಚಿ ಬಡಿಸಿದರು. ತಮಗೆಂದು ಯಾರೂ ಎತ್ತಿಡಲಿಲ್ಲ.

ದೊರೆ ಹೊಟ್ಟೆ ತುಂಬ ಉಂಡ. ಬೆರಳು ಚೀಪಿದ. "ಇಂಥ ಊಟ ಅರಮನೆಯಲ್ಲೂ ಉಂಡಿಲ್ಲ. ಪೂವಯ್ಯಾ, ಬಾ. ರುಮಾಲು ನಿನಗೇ" ಎಂದ.

ನೋಡಿ ಮಕ್ಕಳೇ, ಬಯಸಿದ್ದು ಸಿಕ್ಕಿತು. ಅದೂ ಯಾರಿಗೆ ಮೋಸ ಮಾಡಿದ್ದನೋ ಅವರ ಅನ್ನದಿಂದ ಸಿಕ್ಕಿತು. ಊರವರು ಸಂತೋಷಪಟ್ಟರು. ಪಾಪ, ಹಂದಿ ಹೋದರೂ ಪಟೇಲಿಕೆ ಬಂತಲ್ಲ ಎಂದರು.

ಪೂವಯ್ಯ ತಲೆ ಬಾಗಿಸಿದ. ಆಗ ಮಾಚಜ್ಜಿ ಹತ್ತಿರ ಬಂದು ಅವನ ಕೂದಲು ಕೊಡವಿದಳು. ಅವನೊಬ್ಬನಿಗೇ ಕೇಳುವ ಹಾಗೆ ಹೇಳಿದಳು:

"ಹುಲ್ಲಿನ ಬೂದಿ ಮಗಾ. ಹೂಳೋ ಹಂದಿಗೆ ಯಾರೂ ರೋಮ ಸುಡೋದಿಲ್ಲ. ತಲೆ ಕೊಡವಿದ್ದೀನಿ. ಈಗ ರುಮಾಲು ಕಟ್ಟಿಸ್ಕೋ."

ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಅಜ್ಜಿ ಬೈಯಲಿಲ್ಲ. ಪೂವಯ್ಯನ ಬಾಗಿದ ತಲೆ ಮೇಲೇಳಲಿಲ್ಲ. "ನನಗೆ ಬೇಡ ಬುದ್ಧೀ" ಎಂದ. ಒಳಗೆ ಹೋದ. ಒಂದೊಂದೇ ಬುಟ್ಟಿ ತಂದು ಅಂಗಳದಲ್ಲಿಟ್ಟು ಸೊಪ್ಪು ತೆಗೆದ.

ಬೆಳ್ಯಪ್ಪ ಬುಟ್ಟಿಗಳನ್ನು ನೋಡಿ ಕೇಳಿದ, "ಕತ್ತಿ ಹಿಡಿದದ್ದು ಯಾರು ಪೂವಣ್ಣಾ?"

ಪೂವಯ್ಯ ತನ್ನ ಬಲಗೈ ನೋಡಿಕೊಂಡ. ಬೆಳ್ಯಪ್ಪ ಕಣ್ಣೊರೆಸಿಕೊಂಡ.

ದೊರೆ ರುಮಾಲನ್ನು ಮಾಚಜ್ಜಿಯ ಕೈಗಿತ್ತ. "ನರೆತ ತಲೆಗೆ ಇದ್ಯಾಕೆ?" ಎಂದು ಅವಳು ಅದನ್ನು ಬೆಳ್ಯಪ್ಪನ ತಲೆಗೆ ಸುತ್ತಿದಳು. ಆಮೇಲೆ ಪಾಲು ಹಂಚಿದರು. ಎಲ್ಲರೂ ಒಯ್ದರು. ಪಾಲು ಬೇಡವೆಂದರೆ ಡೊಳ್ಳನಿಗೆ ಅವಮಾನ ಎಂದು ಒಯ್ದರು. ಪೂವಯ್ಯನ ಮನೆಯಲ್ಲಿ ಮಾತ್ರ ಆ ದಿನ ಒಲೆ ಹೊತ್ತಲಿಲ್ಲ.

ಮುಂದಿನ ಹಂದಿಮರಿ ಮಾಚಜ್ಜಿಯ ಹಿತ್ತಲಲ್ಲಿ ಬೆಳೆಯಿತು. ಪೂವಯ್ಯ ದಿನವೂ ಕಲಗಚ್ಚು ಒಯ್ದು ಬಾನಿಗೆ ಹೊಯ್ಯುತ್ತಿದ್ದ. ಮರಿ ಕೈ ಮೂಸಲು ಬಂದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಅದನ್ನು ಕೊಯ್ದ ದಿನ, ಮಾಚಜ್ಜಿ ಮೊದಲ ಪಾಲನ್ನು ಅವನ ಬಾಗಿಲಿಗೇ ತಂದಳು.

"ನನಗ್ಯಾಕೆ ಅಜ್ಜಿ?"

"ಹೊಯ್ದಿದ್ದೀಯಲ್ಲ ಮಗಾ" ಎಂದಳು ಅವಳು.

ಪೂವಯ್ಯ ಎರಡೂ ಕೈ ಒಡ್ಡಿ ಈಸಿಕೊಂಡ.

ನೀತಿ ಇಷ್ಟೇ ಮಕ್ಕಳೇ: ಹಲವರು ಉಣಿಸಿ ಬೆಳೆಸಿದ್ದನ್ನು ಒಬ್ಬನೇ ತಿನ್ನಲು ಹೋಗಬಾರದು. ನಂಬಿ ಬಂದ ಪ್ರಾಣಿಗೆ ಮೋಸ ಮಾಡಬಾರದು. ಮಾಡಿದರೆ ಊರು ಕ್ಷಮಿಸೀತು, ಪಾಲನ್ನೂ ಕೊಟ್ಟೀತು. ಆದರೆ ಕೈ ಮರೆಯುವುದಿಲ್ಲ.

ಕಥೆ ಮುಗಿಯಿತು. ಏಳಿ, ನಿಮ್ಮ ತಟ್ಟೆಯಲ್ಲಿ ಮಿಕ್ಕದ್ದನ್ನು ಬಾನಿಗೆ ಹೊಯ್ದು ಬನ್ನಿ.