ನೀರು ನಡೆಯುವ ಹೊತ್ತು

"ಗುರುಗಳೇ, ಮುನ್ನೂರು ಓಲೆಗಳಲ್ಲಿ ಇದ್ದದ್ದೆಲ್ಲ ಈಗ ಒಂದು ಬಟ್ಟೆಯ ಮೇಲೆ ಚಿತ್ರವಾಗಿ ಬಂದಾಯಿತು. ಇನ್ನು ಈ ಓಲೆಗಳನ್ನು ಹೊಳೆಗೆ ಬಿಡಬಹುದಲ್ಲವೇ?"

ಹೀಗೆ ಕೇಳುವಾಗ ಓಲೆಗಳ ಗಂಟು ಆಗಲೇ ಶಿಷ್ಯನ ತಲೆಯ ಮೇಲಿತ್ತು. ಮೂರು ವರ್ಷದಿಂದ ಅವನಿಗೆ ಅದೇ ಕೆಲಸ. ಹಿಂದಿನ ಗುರುಗಳು ಹೇಳಿದ್ದನ್ನು ಓಲೆಯಲ್ಲಿ ಓದಬೇಕು, ಓದಿದ್ದನ್ನು ಬಟ್ಟೆಯ ಮೇಲೆ ಗೆರೆಯಾಗಿ, ಬಳ್ಳಿಯಾಗಿ, ಚೌಕವಾಗಿ ಬರೆಯಬೇಕು. ನಡುನಡುವೆ ಓಲೆಗಳಿಗೆ ಎಣ್ಣೆ ಸವರಬೇಕು, ನೆರಳಿನಲ್ಲಿ ಒಣಗಿಸಬೇಕು, ಹುಳ ತಿಂದದ್ದನ್ನು ಹೊಸ ಓಲೆಗೆ ಇಳಿಸಬೇಕು. ಗೆರೆಯಲ್ಲಿ ಕೂರುವುದನ್ನು ಕೂರಿಸಿದ್ದ, ಕೂರದ್ದನ್ನು ಬಿಟ್ಟು ಮುಂದೆ ಹೋಗಿದ್ದ. ಚಿತ್ರ ಮುಗಿದ ದಿನ ಅವನಿಗೆ ಸಂತೋಷವಾಗಲಿಲ್ಲ. ಸಾಕಪ್ಪಾ ಎನಿಸಿತು. ನೋಡಲು ಬಂದವರು ಮಾತ್ರ, "ಒಂದೇ ನೋಟಕ್ಕೆ ತಿಳಿಯಿತು" ಎಂದು ಕೈಮುಗಿದು ಹೋಗಿದ್ದರು. ಬೇಡವಾದ ಓಲೆಗಳನ್ನು ಹೊಳೆಗೆ ಬಿಡುವುದು ಆ ಮಠದ ಪದ್ಧತಿ.

ಗುರುಗಳಿಗೂ ಆಯಾಸ. ಬೆಳಗಿನಿಂದ ಬಂದವರಿಗೆಲ್ಲ ಉತ್ತರ ಹೇಳಿ ಗಂಟಲು ಒಣಗಿತ್ತು. ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಮುಚ್ಚಿದ ಕಣ್ಣನ್ನು ತೆರೆಯದೆ, "ಗಂಟು ಭಾರವೇ?" ಎಂದರು.

"ಭಾರ, ಗುರುಗಳೇ."

"ಹಾಗಾದರೆ ಇಳಿಸಿ ಕೂತುಕೋ. ಹೊಳೆ ಎಲ್ಲಿಗೂ ಓಡಿ ಹೋಗುವುದಿಲ್ಲ."

ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಕೆರೆ. ಕೆರೆಯ ಕೆಳಗೆ ಏಳು ಗದ್ದೆ. ಆ ಏಳಕ್ಕೂ ನೀರು ಬಿಡುವವನು ಒಬ್ಬ ನೀರುಗಂಟಿ. ಅವನ ಅಪ್ಪನೂ ನೀರು ಬಿಟ್ಟವನೇ, ಅಜ್ಜನೂ ನೀರು ಬಿಟ್ಟವನೇ.

ದಿನಕ್ಕೊಂದು ಗದ್ದೆಗೆ ನೀರು. ಗದ್ದೆಗೆ ಹತ್ತು ಗಳಿಗೆ. ಗಳಿಗೆ ಅಳೆಯಲು ಅವನ ಹತ್ತಿರ ಒಂದು ತಾಮ್ರದ ಬಟ್ಟಲಿತ್ತು, ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತು. ಮಡಕೆಯ ನೀರಿನ ಮೇಲೆ ತೇಲಬಿಟ್ಟರೆ ಬಟ್ಟಲು ಮೆಲ್ಲಗೆ ತುಂಬಿಕೊಂಡು ಮುಳುಗುತ್ತಿತ್ತು. ಒಂದು ಸಲ ಮುಳುಗಿದರೆ ಒಂದು ಗಳಿಗೆ. ಹತ್ತು ಸಲ ಮುಳುಗಿದರೆ ಆ ಗದ್ದೆಯ ಪಾಲು ತೀರಿತು.

ಈ ಕಟ್ಟಳೆಯೆಲ್ಲ ಓಲೆಯಲ್ಲಿತ್ತು. ವರ್ಷಕ್ಕೊಮ್ಮೆ, ಕೆರೆಯ ನೀರು ಬಿಡಲು ತೂಬು ಎತ್ತುವ ಮೊದಲ ದಿನ, ಊರಿನ ಲೆಕ್ಕಪತ್ರ ಬರೆಯುವ ಕರಣಿಕ ಅದನ್ನು ಎಲ್ಲರ ಮುಂದೆ ಓದಬೇಕು. ಬಲು ಉದ್ದದ ಬರಹ. ಕೆರೆ ಕಟ್ಟಿಸಿದವರ ಹೊಗಳಿಕೆ, ಅವರ ಅಪ್ಪಂದಿರ ಹೊಗಳಿಕೆ, ಸೂರ್ಯ ಚಂದ್ರರು ಇರುವ ತನಕ ಎಂಬ ಮಾತು. ಓದುವಾಗ ಊರಿಗೆ ಊರೇ ತೂಕಡಿಸುತ್ತಿತ್ತು. ನೀರುಗಂಟಿಯೂ ತೂಕಡಿಸುತ್ತಿದ್ದ. ಅವನಿಗೆ ಅಕ್ಷರ ಬಾರದು. ಅಪ್ಪ ಮಾಡಿದ್ದನ್ನು ನೋಡಿ ಕಲಿತಿದ್ದ, ಅಷ್ಟೆ.

ಅಪ್ಪ ಮಾಡುತ್ತಿದ್ದುದು ಹೀಗೆ. ಬೆಳಿಗ್ಗೆ ತೂಬು ಎತ್ತುವುದು. ಮಡಕೆ, ಬಟ್ಟಲು ಹೊತ್ತುಕೊಂಡು ನೀರಿನ ಜೊತೆ ಕಾಲುವೆಯ ದಂಡೆಯ ಮೇಲೆ ನಡೆಯುವುದು. ನೀರು ಗದ್ದೆಯ ಬಾಯಿಗೆ ಬಂದ ಮೇಲೆ ಬಟ್ಟಲು ತೇಲಬಿಡುವುದು. ಹತ್ತು ಎಣಿಸಿ, ತಿರುಗಿ ನಡೆದು ಬಂದು ತೂಬು ಇಳಿಸುವುದು. ಮಗನೂ ಹಾಗೇ ಮಾಡುತ್ತಿದ್ದ. ಮೊದಲ ಗದ್ದೆ ತೂಬಿನ ಬುಡದಲ್ಲಿ, ಆಲದ ಮರದ ಪಕ್ಕದಲ್ಲೇ ಇತ್ತು. ಆ ದಿನ ಸುಖ. ಕೊನೆಯ ಗದ್ದೆ ಮೂರು ತಿರುವು ಕಳೆದು, ಹುಣಸೆಮರ ಕಳೆದು, ಮರಳು ದಿಬ್ಬದ ಆಚೆ. ಆ ದಿನ ಮನೆಗೆ ಬರುವಷ್ಟರಲ್ಲಿ ಮೊಣಕಾಲು ಅವನ ಮಾತು ಕೇಳುತ್ತಿರಲಿಲ್ಲ.

"ನೀರಿಗೆ ದಾರಿ ಗೊತ್ತಿಲ್ಲವೇ? ನಾನೇಕೆ ಅದರ ಜೊತೆ ಹೋಗಬೇಕು?" ಎಂದು ಹೆಂಡತಿಯ ಮುಂದೆ ಗೊಣಗುತ್ತಿದ್ದ.

ಅವಳು ಎಣ್ಣೆ ತಿಕ್ಕುತ್ತಾ, "ನಿಮ್ಮಪ್ಪನನ್ನೇ ಕೇಳಬೇಕಿತ್ತು" ಎನ್ನುತ್ತಿದ್ದಳು. ಅಪ್ಪ ಸತ್ತು ಇಪ್ಪತ್ತು ವರ್ಷವಾಗಿತ್ತು.

ಹೀಗಿರುವಾಗ ಊರಿಗೆ ಹೊಸ ಕರಣಿಕ ಬಂದ. ಒಳ್ಳೆಯವನು, ಓದಿದವನು, ಕನಿಕರ ಉಳ್ಳವನು. ತಾನು ಓಲೆ ಓದುವಾಗ ಊರೆಲ್ಲ ತೂಕಡಿಸಿದ್ದನ್ನು ನೋಡಿದ. "ಇದು ಯಾರ ಕಿವಿಗೂ ಹೋಗುವುದಿಲ್ಲ. ಕಣ್ಣಿಗೆ ಕಾಣುವ ಹಾಗೆ ಬರೆದುಕೊಡುತ್ತೇನೆ" ಎಂದ. ಹದಿನೈದು ದಿನ ಕೂತ. ಹೊಗಳಿಕೆ ಬಿಟ್ಟ. ಸೂರ್ಯ ಚಂದ್ರರನ್ನು ಬಿಟ್ಟ. ಹೋಲಿಕೆ, ಅಲಂಕಾರ ಬಿಟ್ಟ. ಉಳಿದದ್ದನ್ನು ಒಂದು ಬಟ್ಟೆಯ ಮೇಲೆ ಏಳು ಎಸಳಿನ ಹೂವಾಗಿ ಬರೆದ. ವಾರಕ್ಕೆ ಏಳು ದಿನ, ಏಳು ಗದ್ದೆ, ಏಳು ಎಸಳು. ಎಸಳಿಗೊಂದು ಗುರುತು. ಆಲದ ಪಕ್ಕದ ಗದ್ದೆಗೆ ಆಲದೆಲೆ, ಹುತ್ತದ ಗದ್ದೆಗೆ ಹುತ್ತ, ಕೊಕ್ಕರೆಗಳು ಬಂದು ಇಳಿಯುವ ಕೊನೆಯ ಗದ್ದೆಗೆ ಕೊಕ್ಕರೆ. ಪ್ರತಿ ಎಸಳಿನ ಒಳಗೆ ಹತ್ತು ಚುಕ್ಕೆ. ಎಲ್ಲ ಎಸಳೂ ಒಂದೇ ಅಳತೆ.

ನೀರುಗಂಟಿ ಒಂದು ಎಸಳಿನ ಮೇಲೆ ಬೆರಳಿಟ್ಟು, "ಇವತ್ತು ಹುತ್ತದ ಗದ್ದೆ. ಹತ್ತು ಗಳಿಗೆ" ಎಂದ. ಹುಟ್ಟಿದಾಗಿನಿಂದ ಅವನು ಓದಿದ ಮೊದಲ ಮಾತು ಅದು. ಬಟ್ಟೆಯನ್ನು ಮನೆಗೆ ಒಯ್ದು ಹೆಂಡತಿಗೂ ಓದಿ ಹೇಳಿದ. ಅವಳು, "ಇನ್ನೊಂದು ಸಲ ಓದಿ" ಎಂದಳು.

ಹೂವಿನಲ್ಲಿ ನೀರಿನ ಜೊತೆ ನಡೆಯುವವರು ಯಾರೂ ಇರಲಿಲ್ಲ. ಅದನ್ನು ಅವನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ. ಇನ್ನು ಆಯಾ ಗದ್ದೆಯವರು ತಮ್ಮ ಗದ್ದೆಯ ಬಾಯಿ ತಾವೇ ತೆರೆದುಕೊಳ್ಳಲಿ. ತಾನು ತೂಬು ಎತ್ತಿ, ಆಲದ ನೆರಳಲ್ಲಿ ಕೂತು, ಹತ್ತು ಬಟ್ಟಲು ಮುಳುಗಿಸಿ, ತೂಬು ಇಳಿಸಿದರೆ ಆಯಿತು. ನಲವತ್ತು ವರ್ಷ ನಡೆದ ಮೊಣಕಾಲುಗಳಿಗೆ ಕೂರುವ ಯೋಗ ಬಂತು.

ಕೊನೆಯ ಗದ್ದೆ ಒಬ್ಬ ಹೆಂಗಸಿನದು. ಗಂಡನಿಲ್ಲ. ಅವಳ ಮನೆಯ ವರ್ಷದ ಅನ್ನವೆಲ್ಲ ಆ ಗದ್ದೆಯಲ್ಲೇ ಬೆಳೆಯಬೇಕು. ಮೂರನೆಯ ವಾರ ಅವಳು ತೂಬಿನ ಹತ್ತಿರ ಬಂದಳು.

"ಅಣ್ಣಾ, ನನ್ನ ಪೈರು ಒಣಗುತ್ತಿದೆ. ನೀರು ಸಾಲುತ್ತಿಲ್ಲ."

"ಬಿಡುತ್ತಿದ್ದೇನಲ್ಲ ತಾಯಿ. ಇಲ್ಲಿ ನೋಡು, ಇದು ನಿನ್ನ ಕೊಕ್ಕರೆ. ಎಣಿಸು. ಹತ್ತು ಚುಕ್ಕೆ. ಮೊದಲ ಗದ್ದೆಯ ಯಜಮಾನರಿಗೂ ಹತ್ತೇ."

ಅವಳು ಎಣಿಸಿದಳು. ಹತ್ತೇ ಇದ್ದವು.

"ಹೂವೇನೋ ಚಂದ ಇದೆ ಕಣಣ್ಣ. ತೆಗೆದುಕೊಂಡು ಹೋಗಿ ನನ್ನ ಪೈರಿಗೆ ಮುಡಿಸಲೇನು?"

ಮೊದಲ ಗದ್ದೆಯ ಯಜಮಾನ ಅಲ್ಲೇ ಎಲೆ ಅಡಿಕೆ ಹಾಕುತ್ತಾ ಕೂತಿದ್ದ. "ಎಲ್ಲರ ಸಮಕ್ಕೆ ಎಸಳು ಕೊಟ್ಟರೂ ಇವಳಿಗೆ ಸಾಲದು" ಎಂದು ನಕ್ಕ.

"ಸಾಲುತ್ತದೋ ಇಲ್ಲವೋ ನಿಮ್ಮ ಬಟ್ಟೆಯ ಮೇಲಿನ ಕೊಕ್ಕರೆಯನ್ನೇ ಕೇಳಿ. ನನ್ನ ಗದ್ದೆಯ ಕೊಕ್ಕರೆ ಬರುವುದು ಬಿಟ್ಟು ಹತ್ತು ದಿನವಾಯಿತು" ಎಂದಳು ಅವಳು.

ನೀರುಗಂಟಿಗೆ ಸಿಟ್ಟು ಬಂತು. ಓಲೆ ತಪ್ಪು ಎಂದು ಯಾರಾದರೂ ಹೇಳಿದ್ದರೆ ಬರುತ್ತಿರಲಿಲ್ಲ. ಅದು ಓದಿದವರ ಪಾಡು. ಇದು ತಾನು ಓದಿದ್ದು. "ಎದುರಿಗೇ ಬರೆದಿದೆ, ಕಾಣುವುದಿಲ್ಲವೇ? ಹೋಗಮ್ಮ" ಎಂದ. ಅವಳು ಹೋದಳು.

ಮುಂದಿನ ವಾರ ಕೊಕ್ಕರೆಯ ದಿನ ಬಂತು. ಅವನು ತೂಬು ಎತ್ತಿದ, ಬಟ್ಟಲು ತೇಲಬಿಟ್ಟ, ದಾರಿಯ ಕಡೆ ನೋಡಿದ. ಅವಳು ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದ. ಉತ್ತರವನ್ನೂ ಇಟ್ಟುಕೊಂಡಿದ್ದ. ಅವಳು ಬರಲಿಲ್ಲ. ಬಯ್ಯುವುದಕ್ಕೂ ಬಾರದವಳ ಗದ್ದೆ ಹೇಗಿರಬಹುದು? ನೆರಳಿನಲ್ಲಿ ಕೂತವನಿಗೆ ಕೂರಲಾಗಲಿಲ್ಲ. "ಎಲ್ಲಿಯ ಕರ್ಮ" ಎಂದು ಎದ್ದು, ಮಡಕೆ ಬಟ್ಟಲು ಎತ್ತಿಕೊಂಡು, ಮೊದಲಿನ ಹಾಗೆ ನೀರಿನ ಜೊತೆ ನಡೆದ.

ನಲವತ್ತು ವರ್ಷ ಆ ದಾರಿಯಲ್ಲಿ ನಡೆದಿದ್ದ. ದಾರಿಯನ್ನು ಒಂದು ದಿನವೂ ಎಣಿಸಿರಲಿಲ್ಲ. ಅವನ ಎಣಿಕೆ ಯಾವಾಗಲೂ ಗದ್ದೆಯ ಬಾಯಿಯಲ್ಲೇ ಶುರುವಾಗುತ್ತಿತ್ತು. ಈಗ ದಾರಿಯಲ್ಲಿ ಎಣಿಸಿದ. ಅಲ್ಲಲ್ಲಿ ಮಡಕೆ ಇಳಿಸಿ, ಬಟ್ಟಲು ಮುಳುಗುವ ತನಕ ನಿಂತು, ಮತ್ತೆ ಮುಂದೆ ಹೋದ ನೀರನ್ನು ಬೆನ್ನುಹತ್ತಿ ನಡೆದ. ನೀರಿಗೆ ಅವಸರವಿರಲಿಲ್ಲ. ಏಡಿಯ ಬಿಲ ಕಂಡರೆ ಇಳಿಯಿತು. ದನದ ಗೊರಸಿನ ಗುಂಡಿ ಕಂಡರೆ ತುಂಬಿಸಿ ಮುಂದೆ ಹೋಯಿತು. ಮರಳಿನಲ್ಲಿ ಮುಖ ಮರೆಸಿಕೊಂಡಿತು. ಇನ್ನು ಬರುವುದಿಲ್ಲ ಎನ್ನುವಷ್ಟರಲ್ಲಿ ಆಚೆ ಕಾಣಿಸಿಕೊಂಡಿತು. ಮೊದಲ ತಿರುವಿಗೆ ಬಟ್ಟಲು ಎರಡು ಸಲ ಮುಳುಗಿತ್ತು. ಹುಣಸೆಮರಕ್ಕೆ ಐದು. ಕೊನೆಯ ಗದ್ದೆಯ ಬಾಯಿಗೆ ನೀರು ಬಂದಾಗ ಎಂಟು.

ಅವಳು ಬದುವಿನ ಮೇಲೆ ಕೂತಿದ್ದಳು. ಗದ್ದೆ ಬಿರುಕು ಬಿಟ್ಟಿತ್ತು.

"ಎಂಟಾಯಿತು" ಎಂದ ಅವನು.

"ಇನ್ನೆರಡು ಉಳಿದಿದೆ. ಓಡಣ್ಣ, ಹೊತ್ತಿಗೆ ಸರಿಯಾಗಿ ತೂಬು ಮುಚ್ಚಬೇಕಲ್ಲ" ಎಂದಳು. ಅವಳ ಮಾತಿನಲ್ಲಿ ಕೋಪವೂ ಉಳಿದಿರಲಿಲ್ಲ.

ಅವನು ಮಡಕೆಯನ್ನು ಗದ್ದೆಯ ಬಾಯಿಯಲ್ಲಿಟ್ಟ. ಬಟ್ಟಲು ತೇಲಬಿಟ್ಟ. ಅದು ಮುಳುಗಿದಾಗ, "ಒಂದು" ಎಂದ.

ಹತ್ತು ಎಣಿಸಿದ. ಆದರೆ ಅರ್ಧ ಪೈರು ಆಗಲೇ ಹೋಗಿತ್ತು. ಇನ್ನೆಷ್ಟು ಗಳಿಗೆ ಬಿಟ್ಟರೂ ಅದು ತಿರುಗಿ ಬರುವಂತಿರಲಿಲ್ಲ.

ಹಾಗೇ ಮಣ್ಣುಗಾಲಿನಲ್ಲಿ ಅವನು ಕರಣಿಕನ ಮನೆಗೆ ಹೋದ. ಆದದ್ದನ್ನು ಹೇಳಿದ. ಕರಣಿಕ ಓಲೆ ಬಿಚ್ಚಿದ. ಹೊಗಳಿಕೆಗಳ ನಡುವೆ, ಯಾರೂ ಕಣ್ಣಿಡದ ಕಡೆ, ಒಂದು ಸಾಲು ಸಿಕ್ಕಿತು. ಅದನ್ನು ಮೆಲ್ಲಗೆ ಓದಿದ:

"ಮಗಳನ್ನು ಗಂಡನ ಮನೆಗೆ ಬಿಡಲು ಹೋದ ತಂದೆಯು ಹೊಸಿಲ ತನಕ ನಡೆಯುವಂತೆ, ನೀರುಗಂಟಿಯು ನೀರಿನೊಡನೆ ಗದ್ದೆಯ ತನಕ ನಡೆಯತಕ್ಕದ್ದು, ಗಳಿಗೆಯು ಅಲ್ಲಿಂದ ಮೊದಲಾಗತಕ್ಕದ್ದು."

ಓದಿ, ತಲೆ ತಗ್ಗಿಸಿದ. "ಇದನ್ನು ಹೋಲಿಕೆ ಎಂದುಕೊಂಡೆನಪ್ಪ. ಬರೆದವನ ಸಡಗರ ಎಂದುಕೊಂಡು ಬಿಟ್ಟುಬಿಟ್ಟೆ. ಹೂವಿನ ಎಸಳಿನಲ್ಲಿ ತಂದೆಯನ್ನು ಎಲ್ಲಿ ಕೂರಿಸಲಿ?"

ನೀರುಗಂಟಿ ಜಗಲಿಯ ಮೇಲೆ ಕೂತ. ಅವನಿಗೂ ಒಬ್ಬ ಮಗಳಿದ್ದಳು. ಎರಡು ಊರಿನ ಆಚೆ ಕೊಟ್ಟಿದ್ದ. ಅವಳು ಹೊಸಿಲು ದಾಟುವ ತನಕ ನಿಂತು ನೋಡಿ ಬಂದಿದ್ದ. ಈ ಸಾಲನ್ನು ನಲವತ್ತು ಸಲ ಅವನ ಎದುರಿಗೇ ಓದಿದ್ದರು. ನಲವತ್ತು ಸಲವೂ ಅವನು ತೂಕಡಿಸಿದ್ದ.

ಕರಣಿಕ ಬಟ್ಟೆಯನ್ನು ಹರಿಯಲು ಕೈ ಹಾಕಿದ. ನೀರುಗಂಟಿ ತಡೆದ.

"ಹರಿಯಬೇಡಿ ಸ್ವಾಮಿ. ಓಲೆ ನನಗೆ ಓದಲು ಬಾರದು. ಇದು ಬರುತ್ತದೆ. ಆ ಒಂದು ಸಾಲನ್ನು ಮಾತ್ರ ಇನ್ನೊಂದು ಸಲ ಓದಿ. ಇನ್ನೂ ಒಂದು ಸಲ. ಬಾಯಿಗೆ ಬರುವ ತನಕ ಓದಿ. ಇವತ್ತು ನಾನು ಎಚ್ಚರವಾಗಿದ್ದೇನೆ."

ಆ ವರ್ಷ ಅವಳು ಬೆಳೆದದ್ದು ಅರ್ಧ ವರ್ಷದ ಅನ್ನ. ಉಳಿದರ್ಧ ವರ್ಷ ಕರಣಿಕನ ಮನೆಯಿಂದ ಭತ್ತ ಹೋಯಿತು. ಅವಳು ಬೇಡ ಎನ್ನಲಿಲ್ಲ. ನಿಮ್ಮಿಂದ ಉಪಕಾರವಾಯಿತು ಎಂದೂ ಎನ್ನಲಿಲ್ಲ. ನೀರುಗಂಟಿ ಹೂವಿನ ಬಟ್ಟೆಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು, ಆ ಸಾಲನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ, ಕುಂಟುತ್ತಾ, ನೀರಿನ ಜೊತೆ ಮತ್ತೆ ನಡೆಯತೊಡಗಿದ.

ಗುರುಗಳು ಕತೆ ನಿಲ್ಲಿಸಿದರು. ನೀರು ಕೇಳಿದರು. ಶಿಷ್ಯ ತಂದುಕೊಟ್ಟ. ಅವರು ಕುಡಿಯುವ ತನಕ ಕಾದು, "ಹಾಗಾದರೆ ಓಲೆಯೇ ದೊಡ್ಡದು, ಚಿತ್ರ ಸಣ್ಣದು ಎಂದಾಯಿತು" ಎಂದ.

"ಓಲೆ ಓದುವಾಗ ಎಚ್ಚರವಾಗಿದ್ದವರು ಯಾರಪ್ಪ?"

ಶಿಷ್ಯನ ಬೆನ್ನು ನೋಯುತ್ತಿತ್ತು. ಬಿಸಿಲು ಇಳಿಯುತ್ತಿತ್ತು, ಹೊಳೆ ಇನ್ನೂ ದೂರವಿತ್ತು.

"ನನ್ನ ಚಿತ್ರದಲ್ಲಿ ಅಂಥ ತಪ್ಪಿಲ್ಲ ಗುರುಗಳೇ. ಮೂರು ವರ್ಷ ನೋಡಿ ನೋಡಿ ಬರೆದಿದ್ದೇನೆ" ಎಂದು ಎದ್ದು, ಬಗ್ಗಿ, ಗಂಟಿಗೆ ಕೈ ಹಾಕಿದ.

ಗುರುಗಳು ಮತ್ತೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು.

"ಇಲ್ಲದೇ ಇರಬಹುದು. ಹೊಳೆಗೆ ಬಿಡು ಮಗು. ಆದರೆ ಗೆರೆಯಲ್ಲಿ ಕೂರಲಿಲ್ಲ ಎಂದು ನೀನು ಬಿಟ್ಟ ಸಾಲು ಯಾವುದು, ಅದೊಂದನ್ನು ಹೇಳಿ ಹೋಗು."

ಶಿಷ್ಯನ ಕೈ ಗಂಟಿನ ಮೇಲೆಯೇ ನಿಂತಿತು.