ಅಲಗು ಅಣ್ಣನದು, ಹಿಡಿ ತಮ್ಮನದು

"ಗುರುಗಳೇ, ಅಣ್ಣನ ಮೇಲಿದ್ದ ಸಿಟ್ಟನ್ನು ನಾನು ಮನಸ್ಸಿನಲ್ಲೇ ಬಿಟ್ಟುಬಿಟ್ಟಿದ್ದೇನೆ. ಅವನ ಮನೆಗೆ ಹೋಗಿ ಅದನ್ನು ಬಾಯಿಬಿಟ್ಟು ಹೇಳಲೇಬೇಕೆ? ಇಷ್ಟು ಸಾಲದೆ?" ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಮಡಚುವ ಚಾಕು ಮಾಡುವುದು ಅವರ ಕಸುಬು. ಅಣ್ಣ ಕುಲುಮೆಯಲ್ಲಿ ಅಲಗು ಬಡಿಯುತ್ತಿದ್ದ. ತಮ್ಮ ಮರದ ಹಿಡಿ ಕೆತ್ತಿ, ಮಡಚಿದ ಅಲಗು ಒಳಗೆ ಕೂರಲು ಅದರ ನಡುವೆ ಸೀಳು ತೆಗೆಯುತ್ತಿದ್ದ. ಈ ಎರಡು ಕೆಲಸವನ್ನೂ ಅವರವರ ಪಾಡಿಗೆ ಮಾಡಬಹುದಿತ್ತು. ಆದರೆ ಅಲಗನ್ನು ಹಿಡಿಗೆ ಸೇರಿಸಿ ಮೊಳೆ ಹೊಡೆಯುವಾಗ ಇಬ್ಬರೂ ಎದುರುಬದುರು ಕೂರಲೇಬೇಕು. ಒಬ್ಬ ಕಣ್ಣು ಕಿರಿದು ಮಾಡಿ ನೋಡಿ "ಎಡಕ್ಕೆ ಒಂದು ಕೂದಲೆಳೆ" ಎನ್ನುವನು, ಇನ್ನೊಬ್ಬ ಸರಿಸುವನು. ಹಾಗೆ ಮಾತಾಡಿಕೊಂಡೇ ಅವರ ಚಾಕು ಮುಗಿಯುತ್ತಿತ್ತು.

ಆ ಚಾಕುವಿನ ಹದವೇ ಬೇರೆ. ಉಗುರು ತಾಗಿಸಿದರೆ ಸಾಕು, ಅಲಗು ಏಳುತ್ತಿತ್ತು. ಬಿಚ್ಚಿದಾಗ ಅಲಗೂ ಹಿಡಿಯೂ ಒಂದೇ ಗೆರೆಯಲ್ಲಿ ನಿಲ್ಲುತ್ತಿದ್ದವು. ಮಡಚಿದಾಗ ಅಲಗು ಸೀಳಿನ ಎರಡು ಮಗ್ಗುಲಿಗೂ ಸೋಕದೆ ನಟ್ಟನಡುವೆ ಕೂರುತ್ತಿತ್ತು. ಬುಟ್ಟಿ ಹೆಣೆಯುವವರು ದಿನವಿಡೀ ಬಿದಿರು ಸೀಳಿದರೂ ಕೈಯಲ್ಲಿ ಚಾಕು ಇದೆಯೆಂಬ ನೆನಪೇ ಅವರಿಗೆ ಇರುತ್ತಿರಲಿಲ್ಲ.

ಒಂದು ದಿನ ಈ ಚಾಕುಗಳನ್ನು ಕೊಳ್ಳುವ ವ್ಯಾಪಾರಿ ಬಂದು, ಒಂದನ್ನು ಬಿಚ್ಚಿ ಮಡಚಿ ನೋಡಿ, ಇಂಥ ಅಲಗನ್ನು ಎಲ್ಲೂ ಕಂಡಿಲ್ಲವೆಂದು ಅಣ್ಣನಿಗೆ ಕೈಮುಗಿದ. ಅಣ್ಣ ಉಬ್ಬಿಹೋದ. ಹಿಡಿ ನನ್ನ ತಮ್ಮನದು ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ತಮ್ಮ ಅಲ್ಲೇ ಕೂತಿದ್ದ. ವ್ಯಾಪಾರಿ ಹೋದ ಮೇಲೆ ಮಾತಿಗೆ ಮಾತು ಬೆಳೆಯಿತು. ಹಿಡಿಯಿಲ್ಲದ ಅಲಗು ಬರೀ ತಗಡು ಎಂದು ತಮ್ಮ ಅಂದ. ಅಲಗಿಲ್ಲದ ಹಿಡಿ ಬರೀ ಸೌದೆ ಎಂದು ಅಣ್ಣ ಅಂದ. ಅನ್ನಬಾರದ್ದನ್ನು ಅನ್ನಲು ಎಷ್ಟು ಹೊತ್ತು ಬೇಕು? ತಮ್ಮ ಉಳಿ ಗರಗಸ ಕಟ್ಟಿಕೊಂಡು, ಹೆಂಡತಿಯನ್ನು ಕರೆದುಕೊಂಡು ಹೊಳೆಯಾಚೆಯ ಊರಿಗೆ ಹೊರಟುಹೋದ.

ಕಸುಬು ಮಾತ್ರ ನಿಲ್ಲಲಿಲ್ಲ. ವ್ಯಾಪಾರಿ ಈ ಮನೆಯಿಂದ ಅಲಗು, ಆ ಮನೆಯಿಂದ ಹಿಡಿ ಒಯ್ದು ತಾನೇ ಮೊಳೆ ಹೊಡೆಯತೊಡಗಿದ. ಇಬ್ಬರ ನಡುವೆ ತಾನೇಕೆ ಕೆಟ್ಟವನಾಗಲಿ ಎಂದು ಒಬ್ಬನ ಸುದ್ದಿಯನ್ನು ಇನ್ನೊಬ್ಬನ ಮನೆಯಲ್ಲಿ ಎತ್ತುತ್ತಿರಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ಬಂದು, ಚಾಕು ಮಡಚುವಾಗ ಅಲಗು ಎಡಮಗ್ಗುಲಿಗೆ ಉಜ್ಜುತ್ತದೆ, ಬಿದಿರು ಓರೆಯಾಗಿ ಸೀಳುತ್ತದೆ, ಹಿಡಿದವರ ಮಣಿಕಟ್ಟು ನೋಯುತ್ತದೆ ಎಂದಷ್ಟೇ ಹೇಳಿದ.

ಅಷ್ಟು ಹೊತ್ತಿಗೆ ಅಣ್ಣನ ಸಿಟ್ಟು ಇಳಿದಿತ್ತು. ತಮ್ಮ ಸೀಳನ್ನು ಬಲಕ್ಕೆ ತೆಗೆದಿರಬೇಕು, ಚಿಕ್ಕವನು, ನಾನೇ ಸರಿದುಕೊಂಡರಾಯಿತು ಎಂದುಕೊಂಡ. ಅಲಗಿನ ಬುಡವನ್ನು ಕೂದಲೆಳೆಯಷ್ಟು ಬಲಕ್ಕೆ ಬಡಿದು ಕಳಿಸಿದ. ಹೋಗಿ ತಬ್ಬಿಕೊಂಡು ಬಂದಷ್ಟೇ ಅವನ ಮನಸ್ಸು ಹಗುರವಾಯಿತು.

ಮುಂದಿನ ಸಲ ವ್ಯಾಪಾರಿ ಬಂದು, ಈಗ ಬಲಮಗ್ಗುಲಿಗೆ ಉಜ್ಜುತ್ತದೆ ಎಂದ. ಅಣ್ಣನಿಗೆ ಕಸಿವಿಸಿಯಾಯಿತು. ಆದರೂ ಸೋತು, ಅಲಗನ್ನು ಎಡಕ್ಕೆ ತಂದ. ಮತ್ತೆ ಎಡಕ್ಕೆ ಉಜ್ಜುತ್ತದೆ ಎಂಬ ದೂರು ಬಂತು. ನಾನು ಹತ್ತಿರ ಬಂದಷ್ಟೂ ಅವನು ಬೇಕೆಂದೇ ದೂರ ಸರಿಯುತ್ತಾನೆ, ಅವನಿಗೆ ಇನ್ನು ನಾನು ಬೇಡ ಎಂದು ಅಣ್ಣ ಒಳಗೊಳಗೇ ಕೊರಗಿದ. ಹೊಳೆಯವರೆಗೆ ಹೋಗಿ ದೋಣಿ ಹತ್ತದೆ ವಾಪಸು ಬಂದದ್ದೂ ಉಂಟು. ಕರೆದರೆ ಹೋಗಬಹುದು, ಕರೆಯದೆ ಹೇಗೆ ಹೋಗಲಿ ಎಂಬುದು ಅವನ ಬಿಗುಮಾನ.

ಕೊನೆಗೆ ಒಂದು ಬೆಳಿಗ್ಗೆ ವ್ಯಾಪಾರಿ ಬರಿಗೈಯಲ್ಲಿ ಬಂದ. ತಮ್ಮ ಜ್ವರದಲ್ಲಿ ತೀರಿಕೊಂಡಿದ್ದ, ಮಣ್ಣೂ ಆಗಿಹೋಗಿತ್ತು.

ಅಣ್ಣ ಹೊಳೆ ದಾಟಿ ಹೋದ. ತಮ್ಮ ಕೆಲಸಕ್ಕೆ ಕೂರುತ್ತಿದ್ದ ಜಾಗದಲ್ಲಿ, ಉಜ್ಜುತ್ತವೆಂದು ವ್ಯಾಪಾರಿ ಹಿಂದಕ್ಕೆ ಕೊಟ್ಟ ಹಿಡಿಗಳು ಬಿದ್ದಿದ್ದವು. ಒಂದರ ಸೀಳು ಕೂದಲೆಳೆಯಷ್ಟು ಎಡಕ್ಕೆ ಸರಿದಿತ್ತು, ಮತ್ತೊಂದರದು ಅಷ್ಟೇ ಬಲಕ್ಕೆ. ಅವನು ಅವನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದಾಗ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು:

"ಪ್ರತಿ ಸಲ ದೂರು ಬಂದಾಗಲೂ ಇವರು ಅದನ್ನೇ ಅನ್ನೋರು, ಭಾವ. ಅಣ್ಣನಿಗೆ ಕಣ್ಣು ಮಂದವಾಗಿರಬೇಕು, ಅಲಗು ವಾಲ್ತಾ ಇದೆ, ಹೇಳಿಕಳಿಸಿದರೆ ನೊಂದುಕೊಳ್ತಾನೆ, ನಾನೇ ಸೀಳು ಸರಿಸಿಕೊಳ್ತೀನಿ ಅಂತ. ನೀವು ಯಾವತ್ತಾದರೂ ಬರ್ತೀರಿ ಅಂತ ದೋಣಿ ಬರೋ ಹೊತ್ತಿಗೆ ದಾರಿ ನೋಡೋರು."

ಅಲಗು ಎಡಕ್ಕೆ ಉಜ್ಜಿದಾಗ ಅಣ್ಣ ಅಲಗನ್ನು ಬಲಕ್ಕೆ ತಂದಿದ್ದ. ಅದೇ ಹೊತ್ತಿಗೆ ತಮ್ಮ ಸೀಳನ್ನು ಎಡಕ್ಕೆ ಒಯ್ದಿದ್ದ. ಇಬ್ಬರಲ್ಲಿ ಯಾರೊಬ್ಬರು ಸುಮ್ಮನಿದ್ದಿದ್ದರೂ ಚಾಕು ಸರಿಹೋಗುತ್ತಿತ್ತು. ಒಬ್ಬರಿಗಾಗಿ ಒಬ್ಬರು ಸರಿದು, ಹೇಳದೆ ಇದ್ದುದರಿಂದ ಪ್ರತಿ ಸಲವೂ ಒಬ್ಬರನ್ನೊಬ್ಬರು ದಾಟಿಹೋಗಿದ್ದರು. ಇದು ತಿಳಿದಾಗ ಅಣ್ಣ ಆ ಹಿಡಿಗಳ ನಡುವೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ. ಆಮೇಲೆ ಒಂದು ಹಿಡಿಯನ್ನು ಮನೆಗೆ ಒಯ್ದು, ಅದರ ಸೀಳಿಗೆ ಒಪ್ಪುವ ಅಲಗನ್ನು ಬಡಿದು, ಒಬ್ಬನೇ ಮೊಳೆ ಹೊಡೆದ. ಅಲಗು ನಟ್ಟನಡುವೆ ಕೂತಿತು. ಅದನ್ನು ಅವನು ಮಾರಲಿಲ್ಲ, ಬಳಸಲೂ ಇಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡು, "ತಮ್ಮನ ಮನಸ್ಸು ಅಣ್ಣನಿಗೆ ಕೊನೆಗಾದರೂ ತಿಳಿಯಿತಲ್ಲ, ಗುರುಗಳೇ, ಅಷ್ಟೇ ಸಮಾಧಾನ" ಎಂದ.

"ಅಣ್ಣನಿಗೆ ತಿಳಿಯಿತು, ತಮ್ಮನಿಗೆ ಯಾರು ಹೇಳಿದರು?" ಎಂದರು ಗುರುಗಳು.

ಶಿಷ್ಯ ಎದ್ದು ಅಣ್ಣನ ಮನೆಯ ದಾರಿ ಹಿಡಿದ.