ಸುಮ್ಮನೆ ಮಲಗಿದ್ದ ನಾಯಿ

ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿದ್ದದ್ದು ಮೂರೇ ಜೀವ: ಗುರು, ಶಿಷ್ಯ ಚೆನ್ನವೀರ, ಬೂದ ಎಂಬ ನಾಯಿ.

ಮರಿಯಾಗಿದ್ದ ಬೂದನನ್ನು ಚೆನ್ನವೀರನೇ ಹೊಳೆಯಿಂದ ಎತ್ತಿ ತಂದಿದ್ದ. ತನ್ನ ಪಾಲಿನ ಅರ್ಧ ಅನ್ನ ಹಾಕಿ ಸಾಕಿದ್ದ.

ನಾಯಿಗೆ ಒಂದೇ ದೋಷ. ಯಾರು ಬಂದರೂ ಬೊಗಳುತ್ತಿತ್ತು.

ಒಂದು ಬೆಳಿಗ್ಗೆ ಹಾಲು ತರುತ್ತಿದ್ದ ಮುದುಕಿ ಅದು ಬೊಗಳಿದ್ದಕ್ಕೆ ಬೆಚ್ಚಿ ಮೆಟ್ಟಿಲ ಮೇಲೆ ಬಿದ್ದಳು. ಮಣಿಕಟ್ಟು ಮುರಿಯಿತು.

ಸಂಜೆ ಅವಳ ಮಗ ಕೆಂಚೇಗೌಡ ಬಂದ.

“ಬುದ್ಧಿ, ನಿಮ್ಮ ಮುಖ ನೋಡಿ ಸುಮ್ಮನಿದ್ದೀನಿ. ಇವತ್ತು ಹುಣ್ಣಿಮೆ. ಅಮಾವಾಸ್ಯೆಗೆ ಬರ್ತೀನಿ. ಆಗಲೂ ಇದು ಬೊಗಳಿದರೆ ಹಗ್ಗ ಹಾಕಿ ಎಳ್ಕೊಂಡು ಹೋಗ್ತೀನಿ. ಬೆಟ್ಟದಾಚೆ ನಮ್ಮ ಭಾವಮೈದನ ಕುರಿಹಟ್ಟಿ ಇದೆ. ಅಲ್ಲಿ ನಾಯಿಗೆ ಬೊಗಳೋದೇ ಕೆಲಸ.”

“ಆಗಲಿ” ಎಂದರು ಗುರು.

ಗೌಡ ಹೋದ ಮೇಲೆ ಚೆನ್ನವೀರ ಗುರುವಿನ ಕಾಲು ಹಿಡಿದ.

“ಹದಿನೈದು ದಿನದಲ್ಲಿ ನಾಯಿ ಬಾಯಿ ಮುಚ್ಚಿಸೋದು ಹೇಗೆ ಬುದ್ಧಿ? ಕೋಲು ತಗೊಳ್ಳಲಾ?”

“ಕೋಲು ಕಂಡರೆ ನೀನು ಬಾಯಿ ಮುಚ್ತೀಯಾ?”

“ಇಲ್ಲ. ಇನ್ನೂ ಜೋರಾಗಿ ಅಳ್ತೀನಿ.”

ಗುರು ಒಳಗೆ ಹೋಗಿ ಒಂದು ತಗಡಿನ ಕಪ್ಪೆ ತಂದರು. ಮಕ್ಕಳ ಆಟದ ಸಾಮಾನು. ಹೊಟ್ಟೆ ಒತ್ತಿದರೆ ‘ಟಕ್’ ಎನ್ನುವಂಥದ್ದು.

“ಮೊದಲ ದಿನ ಏನೂ ಕಲಿಸಬೇಡ. ಒತ್ತು, ಒಂದು ಚೂರು ರೊಟ್ಟಿ ಕೊಡು. ಮತ್ತೆ ಒತ್ತು, ಕೊಡು. ಶಬ್ದ ಕೇಳಿದ ಕೂಡಲೇ ಅದು ನಿನ್ನ ಕೈ ನೋಡಬೇಕು, ಅಲ್ಲಿಯವರೆಗೆ.”

“ಆಮೇಲೆ?”

“ಅದು ಸರಿಯಾದದ್ದು ಮಾಡಿದ ಗಳಿಗೆಗೇ ಒತ್ತು. ತಡಮಾಡಬೇಡ. ಒತ್ತಿದ ಮೇಲೆ ಕೊಡದೆ ಇರಬೇಡ.”

“ತಪ್ಪು ಮಾಡಿದರೆ?”

“ಕಪ್ಪೆಗೆ ಬೈಯೋಕೆ ಬರೋದಿಲ್ಲ.”

ಚೆನ್ನವೀರ ಹೇಳಿದಂತೆ ಮಾಡಿದ. ಎರಡನೆಯ ದಿನಕ್ಕೆ ‘ಟಕ್’ ಎಂದರೆ ಸಾಕು, ಬೂದ ಎಲ್ಲಿದ್ದರೂ ಕತ್ತು ತಿರುಗಿಸುತ್ತಿತ್ತು.

ಮೂರನೆಯ ದಿನದಿಂದ ಬೊಗಳುವುದು ಕೇಳಿದಾಗಲೆಲ್ಲ ಅವನು ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತಿದ್ದ. ನಾಯಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಗಳಿಗೆಗೆ ಒತ್ತುತ್ತಿದ್ದ. ರೊಟ್ಟಿ ಕೊಡುತ್ತಿದ್ದ.

ಎಂಟನೆಯ ದಿನ ಬೂದ ಮೂರೇ ಸಲ ಬೊಗಳಿ, ತಾನಾಗಿಯೇ ನಿಲ್ಲಿಸಿ ಕುಳಿತಿತು.

“ಕಲಿತುಬಿಡ್ತು ಬುದ್ಧಿ!”

“ಹೂಂ” ಎಂದರು ಗುರು, ತಾಳೆಗರಿಯಿಂದ ಕಣ್ಣೆತ್ತದೆ.

ಆದರೆ ಮಾರನೆಯ ದಿನ ಬೂದ ಕಾಗೆಗೆ ಬೊಗಳಿತು. ಅದರ ಮಾರನೆಯ ದಿನ ಒಣಹಾಕಿದ್ದ ಪಂಚೆಗೆ. ಆಮೇಲೆ ಆಚೆ ದಡದಲ್ಲಿ ಮೇಯುತ್ತಿದ್ದ ಎತ್ತಿಗೆ. ಪ್ರತಿ ಸಲವೂ ಮೂರು ಸಲ ಬೊಗಳುವುದು, ನಿಲ್ಲಿಸುವುದು, ಟಕ್, ರೊಟ್ಟಿ.

ಚೆನ್ನವೀರನ ಪಾಲಿನ ರೊಟ್ಟಿಯೆಲ್ಲ ನಾಯಿಗೇ ಹೋಯಿತು. ಹನ್ನೆರಡನೆಯ ದಿನ ಅವನು ಸೋತು ಗುರುವಿನ ಮುಂದೆ ನಿಂತ.

“ಇದರ ಜಾತಿಯೇ ಸರಿಯಿಲ್ಲ ಬುದ್ಧಿ. ನಾನು ಉಪವಾಸ, ಅದಕ್ಕೆ ಹಬ್ಬ. ಆದರೂ ಬೊಗಳೋದು ಮೊದಲಿಗಿಂತ ಹೆಚ್ಚಾಗಿದೆ.”

ಗುರು ಎದ್ದು ಬಂದು ಜಗಲಿಯ ಮೇಲೆ ಕುಳಿತರು. ಚೆನ್ನವೀರ ಪಕ್ಕದಲ್ಲಿ ಕುಳಿತು ರೊಟ್ಟಿ ಮುರಿಯತೊಡಗಿದ. ಬೂದ ಹೊಂಗೆಯ ನೆರಳಲ್ಲಿ ಮಲಗಿತ್ತು.

ಬಟ್ಟೆ ಒಗೆಯಲು ಹೊರಟ ಇಬ್ಬರು ಹೆಂಗಸರು ಎದುರಿಗೇ ಹಾದುಹೋದರು. ಬೂದ ತಲೆ ಎತ್ತಿ ನೋಡಿತು. ಮತ್ತೆ ಮುಂಗಾಲ ಮೇಲೆ ಗದ್ದವಿಟ್ಟಿತು.

“ಯಾಕೆ ಒತ್ತಲಿಲ್ಲ?” ಎಂದರು ಗುರು.

“ಯಾತಕ್ಕೆ? ಅದು ಸುಮ್ಮನೆ ಮಲಗಿದೆಯಲ್ಲ.”



ಸ್ವಲ್ಪ ಹೊತ್ತಿಗೆ ಒಬ್ಬ ಬೆಸ್ತ ಬಲೆ ಹೊತ್ತು ಬಂದ. ಬೂದ ಅವನನ್ನು ನೋಡಿತು. ಆಮೇಲೆ ಚೆನ್ನವೀರನನ್ನು ನೋಡಿತು. ಚೆನ್ನವೀರ ರೊಟ್ಟಿ ಮುರಿಯುತ್ತಲೇ ಇದ್ದ. ಬೂದ ಎದ್ದಿತು. ಮೂರು ಸಲ ಬೊಗಳಿತು. ನಿಲ್ಲಿಸಿ ಕುಳಿತಿತು. ಮತ್ತೆ ಚೆನ್ನವೀರನನ್ನು ನೋಡಿತು.

ಅವನ ಬೆರಳು ಕಪ್ಪೆಯ ಮೇಲೆ ಹೋಯಿತು. ಗುರು ಕೈ ಹಿಡಿದರು.

“ಅದು ಬೊಗಳಿದ್ದು ಯಾರಿಗೆ?”

ಚೆನ್ನವೀರ ಬೆಸ್ತನ ಕಡೆ ನೋಡಿದ. ನಾಯಿಯ ಕಡೆ ನೋಡಿದ.

“ನನಗೆ” ಎಂದ ಕೊನೆಗೆ. “ಬೊಗಳದೆ ನಿಲ್ಲಿಸೋಕಾಗಲ್ಲ. ನಿಲ್ಲಿಸದೆ ರೊಟ್ಟಿ ಸಿಗಲ್ಲ. ನಾನೇ ಕಲಿಸಿದೆ ಬುದ್ಧಿ.”

“ಅದು ಸುಮ್ಮನಿದ್ದಾಗ ನೀನೆಲ್ಲಿದ್ದೆ?”

“ಇಲ್ಲೇ ಇದ್ದೆ. ನೆಮ್ಮದಿಯಾಗಿದ್ದೆ.”

ಉಳಿದದ್ದು ಎರಡು ದಿನ. ಚೆನ್ನವೀರ ಹೊಂಗೆಯ ಬುಡ ಬಿಟ್ಟು ಏಳಲಿಲ್ಲ. ಯಾರಾದರೂ ಹಾದುಹೋದಾಗ ನಾಯಿ ಸುಮ್ಮನಿದ್ದರೆ ಒತ್ತಿದ. ಮೊದಲ ದಿನ ನಾಲ್ಕು ಸಲ. ಎರಡನೆಯ ದಿನ ಹನ್ನೊಂದು ಸಲ.

ಅಮಾವಾಸ್ಯೆಯ ಬೆಳಿಗ್ಗೆ ಕೆಂಚೇಗೌಡ ಹಗ್ಗ ಹಿಡಿದು ಮೆಟ್ಟಿಲಿಳಿದು ಬಂದ.

ಬೂದ ಅವನನ್ನು ನೋಡಿತು. ಬೊಗಳಲಿಲ್ಲ. ಚೆನ್ನವೀರನ ಕಡೆ ತಿರುಗಿತು.

ಚೆನ್ನವೀರನ ಅಂಗೈ ಬೆವೆತಿತ್ತು. ಕಪ್ಪೆ ಜಾರಿ ನೆಲಕ್ಕೆ ಬಿತ್ತು. ಅವನು ಬಗ್ಗಿ ಹುಡುಕಿದ.

ನಾಯಿ ಕಾಯಿತು. ಶಬ್ದ ಬರಲಿಲ್ಲ. ಆಗ ಅದು ತನಗೆ ಗೊತ್ತಿದ್ದದ್ದನ್ನು ಮಾಡಿತು. ಮೂರು ಸಲ ಬೊಗಳಿ, ಕುಳಿತು, ಅವನ ಕೈ ನೋಡಿತು.

“ಆಯ್ತಲ್ಲ ಬುದ್ಧಿ” ಎಂದ ಕೆಂಚೇಗೌಡ.

“ಗೌಡ್ರೇ, ಇನ್ನು ಎಂಟೇ ದಿನ ಕೊಡಿ. ತಪ್ಪು ಅದರದ್ದಲ್ಲ, ನಂದು” ಎಂದ ಚೆನ್ನವೀರ.

“ನಿನಗೆ ಹಗ್ಗ ಹಾಕ್ಕೊಂಡು ಹೋದರೆ ಹಟ್ಟಿಯವರು ಇಟ್ಕೊಳ್ಳಲ್ಲ ಕಣಪ್ಪ.” ಗೌಡ ನಗಲಿಲ್ಲ. “ನಮ್ಮವ್ವನ ಕೈ ಇನ್ನೂ ಕೂಡಿಲ್ಲ. ಹೊಳೆ ಕಡೆ ಹೋಗು ಅಂದರೆ ನಡುಗ್ತಾಳೆ.”



ಹಗ್ಗ ಹಾಕಿದಾಗ ಬೂದ ಕೊಸರಾಡಲಿಲ್ಲ. ಬೊಗಳಲೂ ಇಲ್ಲ. ತಿರುಗಿ ತಿರುಗಿ ನೋಡುತ್ತಾ, ಹೊಳೆಯ ಆಳವಿಲ್ಲದ ನೀರು ದಾಟಿ, ಆಚೆ ದಡ ಹತ್ತಿತು. ಅಷ್ಟು ದೂರವೂ ಸುಮ್ಮನೆ ನಡೆಯಿತು.

ಚೆನ್ನವೀರನ ಬೆರಳು ಕಪ್ಪೆಯ ಮೇಲಿತ್ತು. ಒತ್ತಿದರೆ ಕೊಡಬೇಕು. ಕೊಡಲು ನಾಯಿ ಕೈಗೆಟಕುವಂತಿರಲಿಲ್ಲ. ಅವನು ಒತ್ತಲಿಲ್ಲ.

ಬಿಸಿಲೇರುವವರೆಗೂ ಇಬ್ಬರೂ ಮೆಟ್ಟಿಲ ಮೇಲೆ ಕುಳಿತಿದ್ದರು.

“ಮೊದಲೇ ಹೇಳಬಹುದಿತ್ತು ನೀವು” ಎಂದ ಚೆನ್ನವೀರ. ಗುರುವಿನ ಎದುರು ಅವನು ಹಾಗೆ ಮಾತಾಡಿದ್ದು ಅದೇ ಮೊದಲು.

“ಹೇಳಬಹುದಿತ್ತು. ಜಗಲಿಗೆ ಬಂದು ಕೂರೋವರೆಗೆ ನಾನೂ ನೋಡಿರಲಿಲ್ಲ.”

“ನಿಮಗೂ ಕಾಣಲಿಲ್ವಾ ಬುದ್ಧಿ?”



“ನಿನಗಿಂತ ಮೊದಲು ಇಲ್ಲಿ ಗುರುಪಾದ ಅಂತ ಒಬ್ಬ ಶಿಷ್ಯನಿದ್ದ. ಹನ್ನೊಂದು ವರ್ಷ. ಒಂದು ತಪ್ಪೂ ಮಾಡಿದವನಲ್ಲ. ಒಂದು ಪ್ರಶ್ನೆಯೂ ಕೇಳಿದವನಲ್ಲ.”

“ಈಗೆಲ್ಲಿದ್ದಾರೆ?”

“ಗೊತ್ತಿಲ್ಲ. ಒಂದು ಬೆಳಿಗ್ಗೆ, ಅವನು ದಿನಾ ತುಂಬಿಸಿಡ್ತಿದ್ದ ಕೊಡದಲ್ಲಿ ನೀರಿರಲಿಲ್ಲ. ಅವತ್ತೇ ನಾನು ಮೊದಲ ಸಲ ಅವನ ಹೆಸರು ಹಿಡಿದು ಕೂಗಿದ್ದು.”